9 ವರ್ಷದ ಹುಡುಗಿ, ಸೆರೆಬ್ರಲ್ ಪಾಲ್ಸಿ, ಎರಡು ವರ್ಷದಿಂದ ಮನೆಯಲ್ಲೇ: ವಾರಕ್ಕೆ ಒಂದು ಗಂಟೆಯಲ್ಲಿ ಏನು ಕಲಿಸಬಹುದು?

ಮೇಷ್ಟ್ರು_ಹಾವೇರಿ

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ವ್ಯಾಪ್ತಿಯಲ್ಲಿ 9 ತುಂಬಿದ ಹುಡುಗಿ ಇದ್ದಾಳೆ. ಆಸ್ಪತ್ರೆ ಚೀಟಿಯಲ್ಲಿ ಸೆರೆಬ್ರಲ್ ಪಾಲ್ಸಿ (ಸಿ.ಪಿ., ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಎಂದಿದೆ. ಆಸರೆ ಇಲ್ಲದೆ ಕೂರಲಾರಳು, ಮಾತಿಲ್ಲ, ಹೆಸರು ಕರೆದರೆ ತಿರುಗಿ ನಗುತ್ತಾಳೆ. ಬಲಗೈಯಲ್ಲಿ ದೊಡ್ಡ ವಸ್ತು ಹಿಡಿಯುತ್ತಾಳೆ, ಎಡಗೈ ಮುಷ್ಟಿ ಬಿಡುವುದಿಲ್ಲ. ಫಿಟ್ಸ್‌ಗೆ ಬೆಳಿಗ್ಗೆ ಮತ್ತು ರಾತ್ರಿ ಔಷಧಿ ಇದೆ. ತಾಯಿ ಕೂಲಿಗೆ ಹೋಗುತ್ತಾರೆ, ಹಗಲೆಲ್ಲ ಓದುಬರಹ ಬಾರದ ಅಜ್ಜಿ ನೋಡಿಕೊಳ್ಳುತ್ತಾರೆ.

1ನೇ ತರಗತಿಗೆ ಹೆಸರು ಹಚ್ಚಿ ಎರಡು ತಿಂಗಳು ಎತ್ತಿಕೊಂಡು ಬಂದಿದ್ದರಂತೆ. ಆಮೇಲೆ ನಿಲ್ಲಿಸಿದ್ದಾರೆ. ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ತಾಲ್ಲೂಕು ಸಂಪನ್ಮೂಲ ಶಿಕ್ಷಕಿ) ಮೇಡಂಗೆ ಇಡೀ ತಾಲ್ಲೂಕು, ಇಲ್ಲಿಗೆ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಶನಿವಾರ ಮಧ್ಯಾಹ್ನ ಒಂದು ಗಂಟೆ ನಾನು ಕೊಡಬಲ್ಲೆ. ಕೇಳುವುದು ಮೂರು: ಹೆಸರಿನ ವಿಷಯ ಏನು ಮಾಡಬೇಕು? ಆ ಒಂದು ಗಂಟೆಯಲ್ಲಿ ಎಲ್ಲಿಂದ ಶುರು? ಉಳಿದ ಆರು ದಿನ ಅಜ್ಜಿ ಏನು ಮಾಡಬಹುದು?

---

ಸಂಪನ್ಮೂಲ_ಶಿಕ್ಷಕಿ

ಹೆಸರಿನದು ಮೊದಲು ಮುಗಿಸಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

1ನೇ ತರಗತಿಗೆ ಸೇರಿದ್ದಳು ಎಂದರೆ ಸ್ಯಾಟ್ಸ್ (ಸರ್ಕಾರದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆ ಇದ್ದೇ ಇರುತ್ತದೆ. ಹಳೆಯ ದಾಖಲಾತಿ ವಹಿಯಲ್ಲಿ ಹುಡುಕಿ ಅದನ್ನೇ ಮುಂದುವರಿಸಿ. ಗಡಿಬಿಡಿಯಲ್ಲಿ ಹೊಸ ಸಂಖ್ಯೆ ಸೃಷ್ಟಿಸಿಬಿಡುತ್ತಾರೆ. ಆಮೇಲೆ ಒಂದೇ ಮಗು ಎರಡು ಕಡೆ ಕಾಣಿಸಿಕೊಂಡು ಭತ್ಯೆ ನಿಲ್ಲುತ್ತದೆ, ಸರಿಪಡಿಸಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಲೆದಾಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿ ಕೊಡಬೇಕು. 9 ತುಂಬಿದವಳನ್ನು ಮತ್ತೆ 1ನೇ ತರಗತಿಯಲ್ಲಿ ಕೂರಿಸುವ ಹಾಗಿಲ್ಲ, 4ನೇ ತರಗತಿಗೆ ಸೇರಿಸಿ. ಹೆಸರು 4ನೇ ತರಗತಿಯಲ್ಲಿರಲಿ, ಪಾಠ ಅವಳ ಮಟ್ಟದಲ್ಲಿರಲಿ. ಜನ್ಮ ದಾಖಲೆ ಇಲ್ಲ ಎಂಬ ಕಾರಣಕ್ಕೂ ಪ್ರವೇಶ ನಿರಾಕರಿಸುವಂತಿಲ್ಲ.

ಗೃಹಾಧಾರಿತ ಶಿಕ್ಷಣ ಎಂದು ಗುರುತಿಸುವುದು ಆಮೇಲಿನ ಹೆಜ್ಜೆ. 2012ರ ತಿದ್ದುಪಡಿಯಲ್ಲಿ ಬಹುವೈಕಲ್ಯ ಮತ್ತು ತೀವ್ರ ವೈಕಲ್ಯವಿರುವ ಮಗು ಮನೆಯಲ್ಲೇ ಶಿಕ್ಷಣ ಆಯ್ದುಕೊಳ್ಳುವ ಹಕ್ಕನ್ನೂ ಪಡೆದಿದೆ. ಆಯ್ಕೆ ಮಗುವಿನ ಕಡೆಯವರದು, ಶಾಲೆಯದಲ್ಲ. ಆದ್ದರಿಂದ ತಾಯಿಯಿಂದ ಒಪ್ಪಿಗೆ ಬರೆಸಿಕೊಳ್ಳಿ, ಅದರಲ್ಲಿ "ಮುಂದೆ ಶಾಲೆಗೆ ಬರುವ ಹಕ್ಕು ಉಳಿಸಿಕೊಂಡು" ಎಂಬ ಒಂದು ಸಾಲು ಸೇರಿಸಿ. ಮನೆಯಲ್ಲಿದ್ದರೂ ಅವಳು ನಿಮ್ಮ ಶಾಲೆಯ ವಿದ್ಯಾರ್ಥಿನಿ, ಪಠ್ಯಪುಸ್ತಕ ಸಮವಸ್ತ್ರ ಎರಡೂ ಸಲ್ಲಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನ ಇದೆ. ಸಣ್ಣ ಮೊತ್ತವೇ, ಆದರೆ ಅದು ಖಾತೆಗೆ ಬಂದರೆ ದಾಖಲೆ ಸರಿಯಿದೆ ಎಂದು ಗೊತ್ತಾಗುತ್ತದೆ.

ತಾಲ್ಲೂಕಿನ ವೈದ್ಯಕೀಯ ಮೌಲ್ಯಾಂಕನ ಶಿಬಿರದ ದಿನ ಬಿಆರ್‌ಸಿಯಲ್ಲಿ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಈಗಲೇ ಕೇಳಿಡಿ. ಕುರ್ಚಿ, ಗಾಲಿಕುರ್ಚಿಗೆ ಅಳತೆ ತೆಗೆಯುವುದು ಅಲ್ಲೇ. ಶಿಬಿರ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕಾದೀತು.

ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಮೂರು ತಿಂಗಳಿಗೆ ಮೂರೇ ಗುರಿ ಬರೆಯಿರಿ. "ಸಂವಹನ ಸುಧಾರಿಸುವುದು" ಎಂದು ಬರೆದರೆ ಅದು ಗುರಿಯಲ್ಲ, ಹಾರೈಕೆ. "ಎರಡು ವಸ್ತು ತೋರಿಸಿದಾಗ ಬೇಕಾದದ್ದನ್ನು ಕಣ್ಣಿನಿಂದ ಆರಿಸುವುದು, 10ರಲ್ಲಿ 8 ಸಲ, ಸತತ ಮೂರು ಭೇಟಿ" ಎಂದು ಬರೆದರೆ ಬಿಐಇಆರ್‌ಟಿ ತಿಂಗಳಿಗೊಮ್ಮೆ ಬಂದರೂ ಎಲ್ಲಿಗೆ ಬಂದಿದೆ ಎಂದು ಐದು ನಿಮಿಷದಲ್ಲಿ ನೋಡಬಹುದು.

---

ಫಿಸಿಯೋ_ದಾವಣಗೆರೆ

ಮೇಷ್ಟ್ರೇ, ಮೊದಲು ಕೂರಿಸಿ, ಆಮೇಲೆ ಕಲಿಸಿ. ತಲೆ ನಿಲ್ಲಿಸಿಕೊಳ್ಳುವುದಕ್ಕೇ ಮಗುವಿನ ತ್ರಾಣವೆಲ್ಲ ಖರ್ಚಾದರೆ ಕಾರ್ಡು ನೋಡಲು ಏನೂ ಉಳಿಯುವುದಿಲ್ಲ.

ಶಿಬಿರದ ಕುರ್ಚಿ ಬರುವ ತನಕ ಕೈಯಿರುವ ಗಟ್ಟಿ ಪ್ಲಾಸ್ಟಿಕ್ ಕುರ್ಚಿ ಸಾಕು. ನೋಡಬೇಕಾದ್ದು ಸೊಂಟ, ಮೊಣಕಾಲು, ಪಾದ, ಮೂರೂ ಲಂಬಕೋನ. ಹಿಂಬದಿ ಪೂರ್ತಿ ಒರಗಿರಬೇಕು, ಕುರ್ಚಿಯ ಮುಂದಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಬೆರಳಿನ ಜಾಗ. ಕುರ್ಚಿ ಆಳವಾಗಿದ್ದರೆ ಬೆನ್ನಿಗೆ ಕೌದಿ ಮಡಿಸಿ ಇಡಿ, ಮೆತ್ತನೆಯ ದಿಂಬು ಬೇಡ, ಕುಸಿಯುತ್ತದೆ. ಎರಡು ಪಕ್ಕಕ್ಕೆ ಹಳೇ ಸೀರೆ ಬಿಗಿಯಾಗಿ ಸುತ್ತಿದ ಸುರುಳಿ. ಪಾದ ತೂಗಾಡಬಾರದು, ಇಟ್ಟಿಗೆ ಜೋಡಿಸಿ ಮೇಲೊಂದು ಹಲಗೆ ಹಾಕಿ. ಮುಂದಿನ ಮೇಜು ಮೊಣಕೈ ಎತ್ತರಕ್ಕೆ.

ಪಟ್ಟಿ ಕಟ್ಟುವಾಗ ಎಲ್ಲರೂ ಮಾಡುವ ತಪ್ಪು ಹೊಟ್ಟೆಗೋ ಎದೆಗೋ ಕಟ್ಟುವುದು. ಮಗು ಕೆಳಗೆ ಜಾರಿದಾಗ ಅದು ಕುತ್ತಿಗೆಗೆ ಬರುತ್ತದೆ. 5 ಸೆಂ.ಮೀ. ಅಗಲದ ಹತ್ತಿ ಪಟ್ಟಿ ತೊಡೆ ಮತ್ತು ಸೊಂಟ ಸೇರುವ ಮಡಿಕೆಯ ಮೇಲೆ ಹಾದು, ಓರೆಯಾಗಿ ಹಿಂದಕ್ಕೂ ಕೆಳಕ್ಕೂ ಎಳೆಯುವಂತಿರಲಿ. ಕಟ್ಟಿದ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಬಾರದು.

ಶುರುವಿಗೆ 15 ನಿಮಿಷ. ಇಳಿಸಿದ ಮೇಲೆ ತೊಡೆ, ಬಾಲಮೂಳೆ, ಹಿಮ್ಮಡಿ ನೋಡಿ. ಕೆಂಪಗಾದದ್ದು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಅಲ್ಲಿ ಒತ್ತಡ ಬೀಳುತ್ತಿದೆ, ಕೂರಿಸುವುದನ್ನು ಸರಿಮಾಡಬೇಕು. ಕಾಲು ಕತ್ತರಿಯಂತೆ ಹೆಣೆದುಕೊಂಡರೆ ಎಳೆದು ಬಿಡಿಸಬೇಡಿ. ಎಳೆದಷ್ಟೂ ಬಿಗಿಯುತ್ತದೆ. ಮೊದಲು ಮೊಣಕಾಲು ಮಡಿಸಿ, ನಿಧಾನಕ್ಕೆ ಅಗಲಿಸಿ, ನಡುವೆ ಟವೆಲ್ ಸುರುಳಿ ಇಡಿ.

---

ಕಣ್ಣುಭಾಷೆ

(ವಿಶೇಷ ಶಿಕ್ಷಣ, ಸಂವಹನದ ಭಾಗ ನನ್ನದು.)

ಮಾತಿಲ್ಲ ಎಂದಮಾತ್ರಕ್ಕೆ ಬುದ್ಧಿಯ ಲೆಕ್ಕ ಹಾಕಬೇಡಿ. ಸಿ.ಪಿ. ಇರುವ ಮಕ್ಕಳಲ್ಲಿ ಬಾಯಿಯ ಸ್ನಾಯು ಕೈಕೊಟ್ಟಿರಬಹುದು, ತಿಳಿವಳಿಕೆ ಬೇರೆಯೇ ಮಾತು. ಹಾಗೆಯೇ ಮೆಳ್ಳೆಗಣ್ಣು, ಒಂದು ಬದಿ ಕಾಣದಿರುವುದು, ಕಿವಿ ಮಂದ, ಇವೂ ಇವರಲ್ಲಿ ಹೆಚ್ಚು. ಅದಕ್ಕೇ ಪಾಠಕ್ಕೆ ಮುಂಚೆ ಕಣ್ಣು ಕಿವಿ ಪರೀಕ್ಷೆ. ಮಾತು ಹೇಳಲಾರದ ಮಗುವಿನ ಶ್ರವಣ ಅಳೆಯುವ ಸೌಲಭ್ಯ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದೆ. ಅಷ್ಟು ದೂರ ಹೋಗುವ ಮೊದಲು ಜಿಲ್ಲಾಸ್ಪತ್ರೆಯ ಇ.ಎನ್.ಟಿ.ಯಲ್ಲಿ ವಿಚಾರಿಸಿ.

ಮೊದಲ ನಾಲ್ಕು ಶನಿವಾರ ಅಕ್ಷರದ ಸುದ್ದಿಗೇ ಹೋಗಬೇಡಿ. ಕೈಯಲ್ಲಿ ಎರಡು ನಿಜವಾದ ವಸ್ತು ಹಿಡಿಯಿರಿ, ನೀರಿನ ಲೋಟ ಮತ್ತು ಅವಳಿಗೆ ಇಷ್ಟದ ಆಟಿಕೆ. ಕಣ್ಣಿನ ಮಟ್ಟದಲ್ಲಿ, ಒಂದಕ್ಕೊಂದು ಒಂದಡಿ ದೂರ. ಎರಡನ್ನೂ ಹೆಸರಿಸಿ, "ಯಾವುದು ಬೇಕು?" ಎಂದು ಒಮ್ಮೆ ಕೇಳಿ, ಸುಮ್ಮನಾಗಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಶಿಕ್ಷಕರಿಗೆ ಇದೇ ಕಷ್ಟ! ಮೂರು ಎಣಿಸುವಷ್ಟರಲ್ಲಿ ಮತ್ತೆ ಕೇಳುತ್ತೇವೆ, ಮಗು ಅಷ್ಟೊತ್ತಿಗೆ ತಲೆ ತಿರುಗಿಸಲು ಹೊರಟಿರುತ್ತದೆ, ಹೊಸ ಪ್ರಶ್ನೆ ಕೇಳಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಅವಳು ಯಾವುದನ್ನು ನೋಡಿದಳೋ ಅದನ್ನು ತಕ್ಷಣ ಕೊಡಿ. ತಪ್ಪಿ ನೋಡಿದಳು ಅನಿಸಿದರೂ ಅದನ್ನೇ ಕೊಡಿ. ನೋಟಕ್ಕೆ ಬೆಲೆ ಇದೆ ಎಂದು ಅವಳಿಗೆ ಗೊತ್ತಾಗುವುದು ಹಾಗೇ.

ಪ್ರತಿ ಸಲ ಎಡ ಬಲ ಅದಲುಬದಲು ಮಾಡಿ. ಹತ್ತರಲ್ಲಿ ಹತ್ತೂ ಸಲ ಬಲಕ್ಕೇ ನೋಡಿದರೆ ಅದು ಆಯ್ಕೆಯಲ್ಲ, ಎಡಬದಿ ಕಾಣುತ್ತಿಲ್ಲವೇನೋ ಎಂದು ಅನುಮಾನಿಸಿ. ಎರಡು ವಸ್ತು ಎಂದರೆ ಕಣ್ಣುಮುಚ್ಚಿ ಆರಿಸಿದರೂ ಅರ್ಧ ಸರಿಯಾಗುತ್ತದೆ, ಅದಕ್ಕೇ 10ರಲ್ಲಿ 8ಕ್ಕಿಂತ ಕಡಿಮೆ ಇದ್ದರೆ ಮುಂದಕ್ಕೆ ಹೋಗಬಾರದು. ವಸ್ತು ಆದಮೇಲೆ ಅದೇ ವಸ್ತುವಿನ ಫೋಟೋ, ಆಮೇಲೆ ಗೆರೆಚಿತ್ರ. ನೇರ ಚಿತ್ರಕ್ಕೆ ಹಾರಿದರೆ ಕೆಲಸ ಕೆಡುತ್ತದೆ.

ಮೊದಲ ಚಿತ್ರಫಲಕಕ್ಕೆ ನಾಲ್ಕು ಸಾಕು: ನೀರು, ಒಂದಕ್ಕೆ, ನೋವು, ಸಾಕು. ಹಣ್ಣು ಪ್ರಾಣಿಗಳ ಚಾರ್ಟ್ ತಂದು ತೂಗುಹಾಕುವವರು ಈ "ಸಾಕು" ಮರೆಯುತ್ತಾರೆ. ಬೇಡ ಎನ್ನಲು ದಾರಿಯಿಲ್ಲದ ಮಗು ಕಿರುಚುತ್ತದೆ, ಕಚ್ಚುತ್ತದೆ, ನಾವು ಹಟಮಾರಿ ಎನ್ನುತ್ತೇವೆ. ಫಲಕ ಬ್ಯಾಗಿನಲ್ಲಿ ನಿಮ್ಮ ಜೊತೆ ಶಾಲೆಗೆ ಹೋಗಬಾರದು, ಅವಳು ಮಲಗುವ ಕಡೆ ಗೋಡೆಗೆ ಇರಲಿ. "ಸಾಕು" ನೋಡಿದ ಕೂಡಲೇ ಪಾಠ ನಿಲ್ಲಿಸಿ, ಎರಡೇ ನಿಮಿಷವಾಗಿದ್ದರೂ.

ಅಕ್ಷರಕ್ಕೆ ಬಂದಾಗ ಕಣ್ಣಿನ ಚೌಕಟ್ಟು ಮಾಡಿ. 45 × 35 ಸೆಂ.ಮೀ. ರಟ್ಟು, ನಡುವೆ 20 × 15ರ ಕಿಟಕಿ ಕತ್ತರಿಸಿ. ನಾಲ್ಕು ಮೂಲೆಗೆ ಒಂದೊಂದು ಕಾರ್ಡು ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಕಿಟಕಿಯ ಈಚೆಯಿಂದ ನೀವು ಅವಳ ಕಣ್ಣು ನೋಡಿ. ಅವಳ ಬಲ ನಿಮ್ಮ ಎಡ, ಆದ್ದರಿಂದ ಕಾರ್ಡಿನ ಹಿಂಬದಿಯಲ್ಲೂ ಅಕ್ಷರ ಬರೆದಿಟ್ಟುಕೊಳ್ಳಿ. ಸರ್ಕಾರಿ ಶಾಲೆಯ ಚಟುವಟಿಕೆ ಕಲಿಕೆಯಾದ ನಲಿ-ಕಲಿಯ ಮೊದಲ ಅಕ್ಷರ ಗುಂಪು "ರ ಗ ಸ ದ ಅ" ಇದಕ್ಕೆ ಹೇಳಿ ಮಾಡಿಸಿದಂತಿದೆ. ಒತ್ತು ಗುಣಿತ ಏನೂ ಇಲ್ಲದೆ ಐದೇ ಅಕ್ಷರದಲ್ಲಿ ಸರ, ದರ, ಅಗಸ, ಅರಸ, ಗರಗಸ ಆಗುತ್ತವೆ. ಮೊದಲು ಎರಡು ಅಕ್ಷರ, ಆಮೇಲೆ ನಾಲ್ಕು. ಎಲ್ಲ ಕಾರ್ಡೂ ಒಂದೇ ಬಣ್ಣದ್ದಿರಲಿ, ಇಲ್ಲದಿದ್ದರೆ ಅಕ್ಷರ ಬಿಟ್ಟು ಬಣ್ಣ ಕಲಿಯುತ್ತಾಳೆ.

ಇನ್ನೊಂದು. ಪ್ರಶ್ನೆ ಕೇಳುವಾಗ ನಿಮಗರಿವಿಲ್ಲದೆ ನಿಮ್ಮ ಕಣ್ಣು ಸರಿ ಉತ್ತರದ ಕಡೆ ಸರಿಯುತ್ತದೆ. ಈ ಮಕ್ಕಳು ಜೀವಮಾನವೆಲ್ಲ ದೊಡ್ಡವರ ಮುಖ ಓದಿಯೇ ಬದುಕಿರುತ್ತಾರೆ, ಅಕ್ಷರಕ್ಕಿಂತ ಸಲೀಸಾಗಿ ನಿಮ್ಮನ್ನು ಓದಿಬಿಡುತ್ತಾರೆ. ಕೇಳುವಾಗ ಅವಳ ಹಣೆ ನೋಡಿ.

ಅಜ್ಜಿಯ ವಿಷಯ. ಅವರಿಗೆ ಹೊಸ ಕೆಲಸ ಕೊಡಬೇಡಿ, ಮಾಡುವ ಕೆಲಸದಲ್ಲೇ ಒಂದು ಕ್ಷಣ ನಿಲ್ಲಲು ಹೇಳಿಕೊಡಿ. ನೀರು ಕುಡಿಸುವ ಮುಂಚೆ ಲೋಟವನ್ನೂ ಬೇರೊಂದು ವಸ್ತುವನ್ನೂ ತೋರಿಸುವುದು, ಅಂಗಿ ತೊಡಿಸುವಾಗ ಕೊನೆಯ ಹಂತ ಮಾತ್ರ ಅವಳಿಗೆ ಬಿಡುವುದು. ಅಂದರೆ ತಲೆ, ಎರಡು ತೋಳು ಎಲ್ಲ ಹಾಕಿ, ಹೊಟ್ಟೆಯ ಮೇಲೆ ಸುರುಳಿಯಾದ ಅಂಗಿಯನ್ನು ಬಲಗೈಯಿಂದ ಕೆಳಗೆಳೆಯುವುದು ಅವಳ ಕೆಲಸ. ಅದು ಬಂದಮೇಲೆ ಅದರ ಹಿಂದಿನ ಹಂತ. ಮೊದಲ ಹಂತದಿಂದ ಶುರುಮಾಡಿದರೆ ಪ್ರತಿ ಸಲವೂ ಅರ್ಧಕ್ಕೇ ಸೋಲು, ಕೊನೆಯಿಂದ ಬಂದರೆ ಪ್ರತಿ ಸಲವೂ ಮುಗಿಸಿದವಳು ಅವಳೇ. ಬಿಗಿಯಿರುವ ಎಡಗೈಯನ್ನು ತೋಳಿಗೆ ಮೊದಲು ಹಾಕಬೇಕು, ಬಿಚ್ಚುವಾಗ ಕೊನೆಗೆ.

ಅವಳು ಎಷ್ಟು ಸಲ ಕೇಳಿದಳು ಎಂಬ ಲೆಕ್ಕ ಇಡಲು ಅಜ್ಜಿಗೆ ಪುಸ್ತಕ ಬೇಡ. ಒಂದು ಡಬ್ಬಿ, ಹುಣಸೆಬೀಜ. ಅವಳು ಕಣ್ಣಿನಿಂದ ನೋಡಿ ಕೇಳಿದಾಗೆಲ್ಲ ಅಜ್ಜಿ ಒಂದು ಬೀಜ ಹಾಕಲಿ. ಶನಿವಾರ ನೀವು ಎಣಿಸಿ ಬರೆದುಕೊಂಡು ಡಬ್ಬಿ ಖಾಲಿ ಮಾಡಿ ಬನ್ನಿ.

---

ಮೇಷ್ಟ್ರು_ಹಾವೇರಿ

ಹಳೆಯ ಸ್ಯಾಟ್ಸ್ ಸಂಖ್ಯೆ ಸಿಕ್ಕಿತು. ಕುರ್ಚಿಯಲ್ಲಿ ಕೂರಿಸಿದರೆ ಹತ್ತು ನಿಮಿಷಕ್ಕೆ ಬೆನ್ನು ಸೆಟೆದು ಮುಂದೆ ಜಾರುತ್ತಾಳೆ, ಪಟ್ಟಿ ಇದ್ದರೂ. ಇನ್ನೊಂದು, ಅಜ್ಜಿ ತೊಡೆಯ ಮೇಲೆ ಮಲಗಿಸಿ ಹಾಲನ್ನ ತಿನ್ನಿಸುತ್ತಾರೆ, ಕೆಮ್ಮು ಬರುತ್ತದೆ. ಫಿಟ್ಸ್ ಪಾಠದ ನಡುವೆ ಬಂದರೆ?

---

ಫಿಸಿಯೋ_ದಾವಣಗೆರೆ

ಜಾರುವುದಕ್ಕೆ: ಕೂರುವ ಜಾಗ ಚಪ್ಪಟೆಯಾಗಿರುವುದೇ ಕಾರಣವಿರಬೇಕು. ಮುಂದಿನ ಅಂಚಿಗೆ, ತೊಡೆಯ ಕೆಳಗೆ, ಟವೆಲ್ ಮಡಿಸಿ 3–4 ಸೆಂ.ಮೀ. ಎತ್ತರಿಸಿ. ಸೊಂಟ ಹಿಂದಿನ ತಗ್ಗಿನಲ್ಲಿ ಕೂತುಬಿಡುತ್ತದೆ. ಕುರ್ಚಿಯ ಬೆನ್ನು ಹಿಂದಕ್ಕೆ ವಾಲಿದ್ದರೆ ಅದೂ ಸೆಟೆಯಲು ದಾರಿ, ನೆಟ್ಟಗಿರಲಿ. ನೀವು ನಿಂತು ಮಾತಾಡಿದರೆ ಅವಳು ತಲೆಯೆತ್ತುತ್ತಾಳೆ, ತಲೆ ಹಿಂದಕ್ಕೆ ಹೋದೊಡನೆ ಮೈಯೆಲ್ಲ ಸೆಟೆಯುತ್ತದೆ. ಆದ್ದರಿಂದ ನೀವು ಕೆಳಗೆ ಕೂತುಕೊಳ್ಳಿ. ಹಿಂದಿನಿಂದ ಕರೆಯುವುದೂ ಬೇಡ.

ಊಟ: ಮಲಗಿಸಿ ತಿನ್ನಿಸುವುದನ್ನು ಈ ವಾರವೇ ನಿಲ್ಲಿಸಿ, ಪಾಠಕ್ಕಿಂತ ಇದು ಮುಖ್ಯ. ತಲೆ ಹಿಂದಕ್ಕೆ ಬಾಗಿದ್ದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಅದೇ ಕುರ್ಚಿಯಲ್ಲಿ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಚಮಚ ಎದುರಿನಿಂದ, ಕೆಳಗಿನಿಂದ ಬರಲಿ. ಚಪ್ಪಟೆ ಚಮಚದಲ್ಲಿ ಅರ್ಧ ತುತ್ತು, ನಾಲಗೆಯ ನಡುವೆ ಮೆಲ್ಲಗೆ ಒತ್ತಿ, ತುಟಿ ಮುಚ್ಚುವ ತನಕ ಕಾಯಿರಿ. ಮೇಲಿನ ಹಲ್ಲಿಗೆ ಒರೆಸಿ ಖಾಲಿ ಮಾಡುವುದು ಬೇಡ. ಹಾಲನ್ನದಲ್ಲಿ ನೀರೂ ಅಗುಳೂ ಬೇರೆಬೇರೆ ಓಡುತ್ತವೆ, ಅದೇ ಕೆಮ್ಮಿಗೆ ಕಾರಣ. ಒಂದೇ ಹದಕ್ಕೆ ನುರಿದ ಮೆತ್ತನ್ನ ಬೇಳೆ, ಚಮಚದಿಂದ ಸುರಿಯದೆ ನಿಲ್ಲುವಷ್ಟು ಗಟ್ಟಿ ರಾಗಿ ಗಂಜಿ ಸುಲಭ. ಊಟದ ನಂತರ ಅರ್ಧ ಗಂಟೆ ಕೂತೇ ಇರಲಿ. ಊಟದ ಮೇಲೆ ಗಂಟಲು ಗೊರಗೊರ, ಪದೇಪದೇ ಜ್ವರ ಕಫ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು.

ಫಿಟ್ಸ್: ಪಟ್ಟಿ ಬಿಚ್ಚಿ ನೆಲಕ್ಕಿಳಿಸಿ, ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ, ಅದರ ಹುಡುಕಾಟದಲ್ಲಿ ಮಗುವನ್ನು ಬಿಟ್ಟು ಓಡುತ್ತಾರೆ ಅಷ್ಟೆ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108. ಒಂದು ತಿಂಗಳು ಬರಲಿಲ್ಲವೆಂದು ಮಾತ್ರೆ ನಿಲ್ಲಿಸುವುದು ತೀರಾ ಅಪಾಯ, ತಾಯಿಗೆ ಬಿಡಿಸಿ ಹೇಳಿ. ಮಾತ್ರೆಯ ಮಂಪರು ಯಾವ ಹೊತ್ತಿಗೆ ಎಂದು ಕೇಳಿಕೊಂಡು ಪಾಠದ ಸಮಯ ಇಟ್ಟುಕೊಳ್ಳಿ.

---

ವಿಆರ್‌ಡಬ್ಲ್ಯೂ_ಕೊಪ್ಪಳ

ಕಾಗದದ್ದು ನಾ ಹೇಳ್ತೀನ್ರಿ. ಮೊದ್ಲ ಆಧಾರ್ ನೋಡ್ರಿ. 5 ವರ್ಷದೊಳಗ ಮಾಡಿಸಿದ್ದ ಇದ್ರ ಬೆರಳು, ಕಣ್ಣು ಕೊಟ್ಟಿರಂಗಿಲ್ಲ, 5 ಆದಮ್ಯಾಗ ಅಪ್‌ಡೇಟ್ ಆಗಬೇಕು. ಇಲ್ಲಂದ್ರ ಮುಂದಿನ್ದೆಲ್ಲ ಅಲ್ಲೇ ನಿಂದರತೈತಿ. ಮುಷ್ಟಿ ಬಿಡಂಗಿಲ್ಲ ಅಂದ್ರ ಹೆದರಬ್ಯಾಡ್ರಿ, ಬೆರಳು ಕೊಡಾಕ ಆಗದವ್ರಿಗೆ ವಿನಾಯ್ತಿ ಐತಿ. ಸೆಂಟರ್‌ನ್ಯಾಗ "ಆಗಂಗಿಲ್ಲ, ಹೋಗ್ರಿ" ಅಂದ್ರ ಆ ವಿನಾಯ್ತಿ ಕೇಳ್ರಿ.

ಆಮ್ಯಾಲ ಯುಡಿಐಡಿ, ಅಂದ್ರ ಅಂಗವಿಕಲರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನ್ಯಾಗ ಅರ್ಜಿ ಹಾಕಿ, ಆಸ್ಪತ್ರೆ ಆರಿಸಿ, ಮೆಡಿಕಲ್ ಬೋರ್ಡ್ ಕೂಡೋ ದಿನ ಕೇಳ್ಕೊಂಡ ಹೋಗ್ರಿ. ಸುಮ್ನ ಹೋದ್ರ ಡಾಕ್ಟರ್ ಇರಂಗಿಲ್ಲ, ಕೂಸಿನ್ನ ಹೊತ್ಕೊಂಡು ವಾಪಸ್. ಹಳೇ ಚೀಟಿ, ಸ್ಕ್ಯಾನ್, ಫಿಟ್ಸಿನ ಮಾತ್ರಿ ಚೀಟಿ ಎಲ್ಲಾ ಒಯ್ರಿ. ಸಿ.ಪಿ. ಒಂದ ಬರ್ಸಿ ಬರಬ್ಯಾಡ್ರಿ, ಮಾತು, ಕಿವಿ, ಬುದ್ಧಿ ಎಲ್ಲಾ ನೋಡ್ರಿ ಅಂತ ಕೇಳ್ರಿ. ಒಂದಕ್ಕಿಂತ ಹೆಚ್ಚಿದ್ರ ಬಹುವೈಕಲ್ಯ ಆಗತೈತಿ. ವೈಕಲ್ಯ 40 ಪ್ರತಿಶತಕ್ಕಿಂತ ಕಮ್ಮಿ ಬಂದ್ರ ಭಾಳ ಯೋಜನಿ ತಪ್ತಾವ. ಸರ್ಟಿಫಿಕೇಟ್ ತಾತ್ಕಾಲಿಕ ಇದ್ರ ಮುಗಿಯೋ ತಾರೀಕು ಮನಿ ಕ್ಯಾಲೆಂಡರ್ ಮ್ಯಾಲ ಬರೀರಿ.

ಹೆಸರು ಆಧಾರ್, ಸ್ಯಾಟ್ಸ್, ಬ್ಯಾಂಕ್ ಪಾಸ್‌ಬುಕ್ಕು ಮೂರರಾಗೂ ಒಂದ ಇರಬೇಕು. "ಮ್ಮ" ಒಂದ್ರಾಗ ಐತಿ, ಇನ್ನೊಂದ್ರಾಗ ಇಲ್ಲ, ಅಷ್ಟಕ್ಕ ರೊಕ್ಕ ನಿಂತಿರತಾವ. ನಿರಾಮಯ ಆರೋಗ್ಯ ವಿಮಾನೂ ಮಾಡಸ್ರಿ, ಸಿ.ಪಿ.ಗೆ ವರ್ಷಕ್ಕ 1 ಲಕ್ಷದ ತನಕ ಐತಿ. ಆದ್ರ ಮೊದ್ಲ ನಾವ ಖರ್ಚು ಮಾಡಿ ಬಿಲ್ ಕೊಟ್ಟು ತಗೋಬೇಕು. ಬಿಲ್ ಇಲ್ಲಂದ್ರ ಏನೂ ಇಲ್ಲ. ನಿಮ್ ಪಂಚಾಯ್ತಿ ವಿಆರ್‌ಡಬ್ಲ್ಯೂನ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಹಿಡೀರಿ, ಇದು ಅವರ ಕೆಲಸಾನ ಐತಿ.

---

ಗಂಟೆ_ಬಾರಿಸಿದವರು

ಮೇಲಿನದೆಲ್ಲ ಸರಿ, ಆದರೆ ಒಂದು ತಕರಾರು. ಎಲ್ಲರೂ ಮನೆಯನ್ನೇ ಶಾಲೆ ಮಾಡಲು ಹೊರಟಿದ್ದೀರಿ. ಎಷ್ಟೋ ಮಕ್ಕಳ ಪಾಲಿಗೆ ಗೃಹಾಧಾರಿತ ಎಂಬ ಒಂದು ಪದ ಬರೆದ ದಿನವೇ ಶಾಲೆಯ ಬಾಗಿಲು ಮುಚ್ಚುತ್ತದೆ. ಕುರ್ಚಿಯಲ್ಲಿ ಅರ್ಧ ಗಂಟೆ ಕೂರಬಲ್ಲ ಮಗು ಶಾಲೆಯಲ್ಲೂ ಅರ್ಧ ಗಂಟೆ ಕೂರಬಲ್ಲದು. ವಾರಕ್ಕೊಂದು ದಿನ, ನಲಿ-ಕಲಿ ಕೋಣೆಗೆ, ಅದೇ ಹೊತ್ತಿಗೆ ಕರೆತನ್ನಿ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುವ ಕೋಣೆ ಅದು, ಅವಳ ಕುರ್ಚಿಯೊಂದು ಸೇರಿದರೆ ಯಾರಿಗೂ ಅಡ್ಡಿಯಿಲ್ಲ. ಶೌಚಾಲಯದ ಪ್ರಶ್ನೆ ಅರ್ಧ ಗಂಟೆಗೆ ಏಳುವುದಿಲ್ಲ, ಪೂರ್ತಿ ದಿನಕ್ಕೆ ಏಳುತ್ತದೆ. ಅದಕ್ಕೇ ಚಿಕ್ಕದಾಗಿ ಶುರು ಮಾಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 40 ಪ್ರತಿಶತ ಅಥವಾ ಹೆಚ್ಚು ವೈಕಲ್ಯವಿರುವವರಿಗೆ ಉಚಿತ ಶಿಕ್ಷಣ 18ರವರೆಗೆ ಇದೆ, 14ಕ್ಕೆ ಮುಗಿಯುವುದಿಲ್ಲ. ಇನ್ನೂ ಒಂಬತ್ತು ವರ್ಷ ಅವಳು ಅಜ್ಜಿಯ ಮುಖವನ್ನಷ್ಟೇ ನೋಡಿಕೊಂಡಿರಬೇಕೇ?

---

ಸಂಪನ್ಮೂಲ_ಶಿಕ್ಷಕಿ

ತಕರಾರು ಒಪ್ಪಿದೆ. ಆದರೆ ಕುರ್ಚಿ, ಊಟದ ಭಂಗಿ ಸರಿಹೋಗದೆ ಕರೆತಂದರೆ ಎರಡನೇ ವಾರಕ್ಕೇ ಕೆಮ್ಮು ಜ್ವರ ಬಂದು, "ನೋಡಿ, ಶಾಲೆ ಅವಳಿಗೆ ಆಗಲ್ಲ" ಎಂಬ ಮಾತು ಮತ್ತೆ ಬರುತ್ತದೆ. ಎರಡು ತಿಂಗಳ ಹುಣಸೆಬೀಜದ ಲೆಕ್ಕ ಇಟ್ಟುಕೊಂಡು ಆಮೇಲೆ ಕರೆತನ್ನಿ.

ಅಷ್ಟರೊಳಗೆ ಮಕ್ಕಳೇ ಅವಳ ಮನೆಗೆ ಹೋಗಲಿ. ಶನಿವಾರ ನಿಮ್ಮ ಜೊತೆ 4ನೇ ತರಗತಿಯ ಇಬ್ಬರು, ಪ್ರತಿ ಸಲ ಅದೇ ಇಬ್ಬರು. ಅವರಿಗೆ ಕಲಿಸಬೇಕಾದ್ದು ಎರಡೇ: ಎದುರಿಗೆ ಕೂತು ಮಾತಾಡುವುದು, ಪ್ರಶ್ನೆ ಕೇಳಿ ಹತ್ತು ಎಣಿಸುವುದು. ಅವಳ ಪರವಾಗಿ ತಾವೇ ಉತ್ತರ ಹೇಳಬಾರದು, ಇದನ್ನು ಎರಡು ಮೂರು ಸಲ ಹೇಳಬೇಕಾದೀತು. ಶಾಲೆಗೆ ಬರುವ ಮೊದಲ ದಿನ ಆ ಇಬ್ಬರ ನಡುವೆಯೇ ಅವಳ ಕುರ್ಚಿ ಇಡಿ. ಪಾದದ ಹಲಗೆ, ಟವೆಲ್, ಚಿತ್ರಫಲಕ ಹಿಂದಿನ ದಿನವೇ ಶಾಲೆಗೆ ಬಂದಿರಲಿ. ಹಾಜರಿ ಕೂಗುವಾಗ ಅವಳ ಹೆಸರು ಕೂಗಿ, ಅವಳು ತಿರುಗಿ ನೋಡುವ ತನಕ ಮುಂದಿನ ಹೆಸರಿಗೆ ಹೋಗಬೇಡಿ.